ವಿಷ ಉಣ್ಣುವ ಅತಿಥಿಗಳು

“ನಿನ್ನ ಬ್ಯಾಕ್ಟೀರಿಯಾ ಉಪವಾಸ ಬೀಳಬಾರ್ದಂತ ಖಾಲಿ ಹೊಲಕ್ಕ ಇನ್ನೊಂದು ಡಬ್ಬಿ ಎಣ್ಣಿ ಹೊಡದೀನಿ” ಎಂದರು ಸೂಡಿ ಊರಿನ ನಮ್ಮ ಕಾಕಾ, ಬೆನ್ನ ಮೇಲಿನ ಪಂಪ್ ಇಳಿಸುತ್ತ. ಎಣ್ಣಿ ಎಂದರೆ ಇಲ್ಲಿ ಕೀಟನಾಶಕ. ಅದನ್ನೇ ವರ್ಷಗಟ್ಟಲೆ ಕುಡಿದ ಆ ಹೊಲದಲ್ಲಿ ಕಡಲೆ ಸರಿಯಾಗಿ ಮೊಳೆಯುತ್ತಿರಲಿಲ್ಲ. ಮಣ್ಣಿನ ವಿಷ ತಿಂದು ಕರಗಿಸಲೆಂದೇ ಹಿಂದಿನ ವಾರ ಬ್ಯಾಕ್ಟೀರಿಯಾ ತಂದು ಬಿಟ್ಟಿದ್ದೆ.

“ಕಾಕಾ, ಇನ್ನ ಹೊಡೀಬ್ಯಾಡ್ರಿ ಅಂದಿದ್ನೆಲ್ರಿ!”

“ವಿಷಾನ ಅವುಗಳ ಊಟ ಅಂತನೂ ಅಂದಿದ್ದಿ. ಮನಿಗೆ ಬಂದವ್ರಿಗೆ ಎರಡನೇ ಸಲ ಬಡಸಲಿಲ್ಲಂದ್ರ ಹ್ಯಾಂಗೋ?”

ಬೇಡವೆಂದು ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಖಾತ್ರಿಗೆಂದು ಬ್ಯಾಕ್ಟೀರಿಯಾ ಬಿಟ್ಟ ದಿನದ ಡೈರಿ ತೆರೆದೆ. ಬ್ಯಾಕ್ಟೀರಿಯಾದ ಊಟದ ಬಗ್ಗೆ ಕಾಕಾಗೆ ಹೇಳಿದ್ದನ್ನು ಎರಡು ಪುಟ ಬರೆದಿದ್ದೆ. ಹೊಡೆಯಬೇಡಿ ಎಂಬ ಮಾತು ಎಲ್ಲೂ ಇರಲಿಲ್ಲ. ಕೊನೆಯ ಸಾಲು ಹೀಗಿತ್ತು: ‘ಕಾಕಾಗೆ ಎಲ್ಲ ಅರ್ಥವಾಯಿತು. ಈ ಸಲ ಕಡಲೆ ಬರುತ್ತದೆ.’