ನಾಲ್ಕು ಕಾಲೇಜು, ಒಂದು ಪಿ.ಎಚ್. ಮೀಟರು

1996ರಲ್ಲಿ ನಾನು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಪ್ರಾಧ್ಯಾಪಕಿಯಾಗಿದ್ದೆ. ಅದರ ಜೊತೆಗೆ ಪರಿಸರ ವಿಜ್ಞಾನದ ಅಧ್ಯಯನ ಮಂಡಳಿಯ ಅಧ್ಯಕ್ಷತೆಯೂ ನನ್ನ ತಲೆಗೆ ಬಂದಿತ್ತು. ಆ ವಿಷಯವನ್ನು ಆಗಿನ್ನೂ ನಮ್ಮ ವ್ಯಾಪ್ತಿಯ ಯಾವ ಕಾಲೇಜಿನಲ್ಲೂ ಕಲಿಸುತ್ತಿರಲಿಲ್ಲ. ಕಲಿಸುವವರೇ ಇಲ್ಲದ ವಿಷಯಕ್ಕೊಬ್ಬಳು ಅಧ್ಯಕ್ಷೆ ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ನಗುವವರು ನಗಲಿ ಎಂದು ನಾನು ಪಠ್ಯಕ್ರಮ ಬರೆದು ಮುಗಿಸಿದೆ.

ಹೊಸ ಕೋರ್ಸಿಗೆ ಒಪ್ಪಿಗೆ ಸಿಗುವ ದಾರಿ ಉದ್ದ. ಅಧ್ಯಯನ ಮಂಡಳಿ ಪಠ್ಯ ಸಿದ್ಧಪಡಿಸಬೇಕು, ವಿಜ್ಞಾನ ನಿಕಾಯ ಅದನ್ನು ಒಪ್ಪಬೇಕು, ಸ್ಥಳೀಯ ವಿಚಾರಣಾ ಸಮಿತಿ ಕಾಲೇಜಿಗೆ ಹೋಗಿ ಕಣ್ಣಾರೆ ನೋಡಿ ವರದಿ ಕೊಡಬೇಕು. ಕೊನೆಗೆ ವಿದ್ಯಾವಿಷಯಕ ಪರಿಷತ್ತು, ನಮ್ಮ ಬಾಯಲ್ಲಿ ಬರಿಯ ಕೌನ್ಸಿಲ್ಲು, ಮಂಜೂರು ಮಾಡಬೇಕು. ಎಲ್ಲಿ ಬೇಕಾದರೂ ಕಡತ ಮಲಗಿಬಿಡಬಹುದು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ಊರುಗಳ ನಾಲ್ಕು ಸಣ್ಣ ಖಾಸಗಿ ಕಾಲೇಜುಗಳು ಪರಿಸರ ವಿಜ್ಞಾನವನ್ನು ಬಿ.ಎಸ್ಸಿ.ಗೆ ಐಚ್ಛಿಕ ವಿಷಯವಾಗಿ ಕೊಡಿ ಎಂದು ಅರ್ಜಿ ಹಾಕಿದ್ದವು. ಆ ಅರ್ಜಿಯ ಹಿಂದಿದ್ದವರು ನಾಗಮಂಗಲದ ಸಸ್ಯಶಾಸ್ತ್ರದ ಅಧ್ಯಾಪಕಿ ನಾಗರತ್ನ. ಅವರನ್ನು ನಾನು ನೋಡಿರಲಿಲ್ಲ, ಅವರ ಕಾಗದಗಳನ್ನು ಮಾತ್ರ ಓದಿದ್ದೆ. ಆಲೆಮನೆಯ ಹೊಗೆ, ಕೆರೆಯ ಹೂಳು, ಕೊಳವೆಬಾವಿಯ ನೀರು ಇವನ್ನು ಆ ಊರುಗಳ ಮಕ್ಕಳೇ ಅಳೆದು ಕಲಿಯಬೇಕು ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಕೌನ್ಸಿಲ್ಲು ಎರಡು ವರ್ಷ ಅದನ್ನು ಮುಂದಕ್ಕೆ ತಳ್ಳಿತ್ತು. ಮೂರನೆಯ ಸಲ ವಿಜ್ಞಾನ ನಿಕಾಯದ ಡೀನ್ ನನ್ನನ್ನು ಕರೆದು ಖಡಾಖಂಡಿತವಾಗಿ ಹೇಳಿದರು: “ಪ್ರತಿಯೊಂದು ಕಾಲೇಜಿನಲ್ಲೂ ಪೂರ್ತಿ ಪ್ರಯೋಗಾಲಯ ಇರಬೇಕು, ನಿಯಮ ಇದೆ. ವರದಿಯಲ್ಲಿ ಅದು ಬರಲಿಲ್ಲವೋ, ಈ ವಿಷಯ ಇನ್ನು ಅಜೆಂಡಾ ಹತ್ತುವುದಿಲ್ಲ.”

ವಿಚಾರಣಾ ಸಮಿತಿಯಲ್ಲಿ ನಾವಿಬ್ಬರೇ. ನಾನು ಅಧ್ಯಕ್ಷೆ, ಸಸ್ಯಶಾಸ್ತ್ರದ ಪ್ರೊಫೆಸರ್ ಶಿವನಂಜಪ್ಪ ಸದಸ್ಯರು. ಬೂಕನಕೆರೆ ಕಡೆಯ ಜಮೀನ್ದಾರರ ಮನೆಯವರು, ಇಂಥ ಸಮಿತಿಗಳಲ್ಲಿ ಕೂದಲು ಬೆಳ್ಳಗಾದವರು. ಯಾವ ಕಾಲೇಜಿನಲ್ಲಿ ಊಟ ಚೆನ್ನಾಗಿರುತ್ತದೆ ಎನ್ನುವುದು ಅವರಿಗೆ ಬಾಯಿಪಾಠವಾಗಿತ್ತು.

ಎರಡು ದಿನದ ಕಾರ್ಯಕ್ರಮ. ಮೊದಲ ದಿನ ಬೆಳಿಗ್ಗೆ ಅಂಬಾಸಡರ್ ಕಾರಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋದೆವು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಉಪಕರಣಗಳನ್ನು ಸಾಲಾಗಿ ಇಟ್ಟಿದ್ದರು. ನನಗೊಂದು ಅಭ್ಯಾಸವಿತ್ತು. ಪಿ.ಎಚ್. ಮೀಟರು, ಅಂದರೆ ನೀರು ಎಷ್ಟು ಆಮ್ಲ ಎಷ್ಟು ಕ್ಷಾರ ಎಂದು ತೋರಿಸುವ ಯಂತ್ರ, ಎಲ್ಲಿ ಕಂಡರೂ ನನ್ನ ಚೀಲದ ಬಫರ್ ದ್ರಾವಣದಲ್ಲಿ ಅದನ್ನು ಅದ್ದಿ ನೋಡುತ್ತಿದ್ದೆ. ಬಫರ್ ಅಂದರೆ ಪಿ.ಎಚ್. ಮೊದಲೇ ಗೊತ್ತಿರುವ ದ್ರಾವಣ, ನನ್ನದರದು ಸರಿಯಾಗಿ ಏಳು. ಅಲ್ಲಿಯ ಮುಳ್ಳು ಏಳು ಪಾಯಿಂಟ್ ಮೂರು ತೋರಿಸಿತು. ತಿದ್ದಲು ನೋಡಿದರೆ ತಿರುಪು ಸವೆದುಹೋಗಿತ್ತು. ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಊಟಕ್ಕೆ ಕೂರಿಸಿದವರು ಏಳಲು ಬಿಡಲಿಲ್ಲ. ಮುದ್ದೆ, ಬಸ್ಸಾರು, ಮೇಲೆ ಒಬ್ಬಟ್ಟು, ಅದರ ಮೇಲೆ ಎಲೆ ಅಡಿಕೆ. ಪಾಂಡವಪುರಕ್ಕೆ ಹೋದಾಗ ಮಧ್ಯಾಹ್ನ ಇಳಿದಿತ್ತು. ಅಲ್ಲಿಯ ಮೀಟರೂ ಏಳು ಪಾಯಿಂಟ್ ಮೂರು ತೋರಿಸಿತು. ಎರಡು ಮೀಟರು ಒಂದೇ ಅಳತೆಯಲ್ಲಿ ತಪ್ಪುವುದುಂಟು ಎಂದು ಸುಮ್ಮನಾದೆ. ಮರುದಿನ ಬೆಳಿಗ್ಗೆ ಕೆ.ಆರ್. ಪೇಟೆಯಲ್ಲೂ ಮುಳ್ಳು ಅಲ್ಲೇ ಹೋಗಿ ನಿಂತಾಗ ತಿರುಪು ತಿರುಗಿಸಿ ನೋಡಿದೆ, ಅದೂ ಸವೆದಿತ್ತು. ಪಕ್ಕದಲ್ಲಿದ್ದ ಇನ್‌ಕ್ಯುಬೇಟರಿನ, ಅಂದರೆ ನೀರಿನ ಮಾದರಿಗಳನ್ನು ಒಂದೇ ಉಷ್ಣತೆಯಲ್ಲಿ ಕಾಯ್ದಿಡುವ ಪೆಟ್ಟಿಗೆಯ, ಬಾಗಿಲ ಸಂದಿನಲ್ಲಿ ಭತ್ತದ ಹುಲ್ಲಿನ ಎಸಳೊಂದು ಸಿಕ್ಕಿಕೊಂಡಿತ್ತು.

ಊಟದ ಎಲೆಯ ಮುಂದೆ ಕೂತು ನಾಲ್ಕು ತುತ್ತು ತಿಂದು, ಬಫರ್ ಬಾಟಲಿ ಮರೆತೆ ಎಂದು ಸುಳ್ಳು ಹೇಳಿ ಎದ್ದೆ. “ತಾಯಿ, ಪಾಯಸ ಬತ್ತಾ ಅದೆ ಕೂತ್ಕಳಿ!” ಎಂದು ಶಿವನಂಜಪ್ಪ ಕೂಗಿದರು. ಪ್ರಯೋಗಾಲಯಕ್ಕೆ ಬಂದರೆ ಮೇಜು ಬರಿದು. ಹಿಂಬಾಗಿಲ ಹೊರಗೆ ಒಂದು ಟೆಂಪೊ ನಿಂತಿತ್ತು. ಗಡ್ಡದ ಚಾಲಕನೊಬ್ಬ ಇನ್‌ಕ್ಯುಬೇಟರಿನ ಸುತ್ತ ಹುಲ್ಲು ಒತ್ತುತ್ತಿದ್ದ. ಮುಂದಿನ ಸೀಟಿನಲ್ಲಿ ಮೂವತ್ತು ಮೂವತ್ತೆರಡರ ಹೆಂಗಸೊಬ್ಬರು ಪಿ.ಎಚ್. ಮೀಟರನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದರು. ನನ್ನನ್ನು ಕಂಡು ಅವರ ಮುಖ ಬಿಳಿಚಿಕೊಂಡಿತು.

“ನೀವು ಯಾರು?”

“ನಾಗರತ್ನ, ಮೇಡಂ. ನಾಗಮಂಗಲ.”

ಸಿಟ್ಟು ನೆತ್ತಿಗೇರಿತು. ಆ ದುಂಡಗಿನ ಅಕ್ಷರವನ್ನು ನಂಬಿ ಎರಡು ವರ್ಷ ಡೀನ್ ಜೊತೆ ಜಗಳವಾಡಿದವಳು ನಾನು. ಅಲ್ಲೇ ಕೂಗಾಡಿದ್ದರೆ ಇಡೀ ಕಾಲೇಜು ಸೇರುತ್ತಿತ್ತು. ಬಾಗಿಲು ತೆಗೆದು ಅವರ ಪಕ್ಕ ಹತ್ತಿ ಕೂತೆ. ಚಾಲಕನಿಗೆ, “ನಡೀರಿ, ನಾಗಮಂಗಲಕ್ಕೆ,” ಎಂದೆ. ಆತ ಶ್ರೀರಂಗಪಟ್ಟಣದ ಖಾದರ್. ಒಂದು ಸಲ ನನ್ನನ್ನು, ಒಂದು ಸಲ ನಾಗರತ್ನ ಅವರನ್ನು ನೋಡಿ ಗಾಡಿ ಬಿಟ್ಟ.

ಊರು ದಾಟಿದ ಮೇಲೆ ನಾನೇ, “ನಿಮ್ಮ ಮೀಟರು ಮೂರು ಊರಲ್ಲೂ ಒಂದೇ ತಪ್ಪು ಹೇಳಿತು,” ಎಂದೆ.

“ಗೊತ್ತು ಮೇಡಂ. ಪಾಯಿಂಟ್ ಮೂರು ಕಳೆದು ಓದಿ ಅಂತ ಚೀಟಿ ಬರೆದು ಅಂಟಿಸಿದ್ವಿ. ಕಮಿಟಿ ಕಣ್ಣಿಗೆ ತಪ್ಪು ಕಾಣ್ಬಾರ್ದು ಅಂತ ಮೊನ್ನೆ ಕಿತ್ತಾಕಿದ್ವಿ.”

ಆಮೇಲೆ ಅವರು ಎಲ್ಲವನ್ನೂ ಹೇಳಿದರು. ಪೂರ್ತಿ ಸೆಟ್ಟು ಕೊಳ್ಳುವ ಶಕ್ತಿ ನಾಲ್ಕರಲ್ಲಿ ಯಾವ ಕಾಲೇಜಿಗೂ ಇರಲಿಲ್ಲ. ಒಬ್ಬರು ಮೀಟರು, ಒಬ್ಬರು ಇನ್‌ಕ್ಯುಬೇಟರು, ಒಬ್ಬರು ತಕ್ಕಡಿ, ಒಬ್ಬರು ಸೂಕ್ಷ್ಮದರ್ಶಕಗಳು ಎಂದು ಹಂಚಿಕೊಂಡು ಕೊಂಡಿದ್ದರು. ಸಮಿತಿ ಬಂದ ದಿನ ಎಲ್ಲ ಒಂದು ಕಡೆ ಸೇರಿಸಿ ತೋರಿಸುವುದು, ನಾವು ಊಟಕ್ಕೆ ಕೂತಾಗ ಮುಂದಿನ ಊರಿಗೆ ಸಾಗಿಸುವುದು, ಇದು ನಾಗರತ್ನ ಅವರದೇ ಉಪಾಯ.

“ನನ್ ಮೇಲೆ ಏನ್ ಬೇಕಾದ್ರೂ ಬರೀರಿ ಮೇಡಂ,” ಎಂದರು. “ಕೋರ್ಸ್ ಮಾತ್ರ ಕಿತ್ಕೋಬೇಡಿ. ದೇವಲಾಪುರದ ಕಡೆ ಹೆಣ್ಮಕ್ಳನ್ನ ಮೈಸೂರ್‌ಗೆ ಓದಾಕೆ ಕಳ್ಸಾಕಿಲ್ಲ. ನಮ್ಮಲ್ಲಿ ಇದ್ರೆ ಓದ್ತಾರೆ, ಇಲ್ದಿದ್ರೆ ಇಲ್ಲ, ಅಷ್ಟೇಯಾ.”

ಖಾದರ್‌ಗೆ ತಡೆಯಲಾಗಲಿಲ್ಲ. “ಮೇಡಮ್ಮೋರೆ, ತಪ್ಪೋ ಒಪ್ಪೋ ನಂಗೊತ್ತಿಲ್ಲ. ಎಲ್ಡು ದಿನದಿಂದ ಮೂರೂರಿಗೆ ಒತ್ತಿಗೆ ಸರ್ಯಾಗಿ ಮುಟ್ಸಿವ್ನಿ, ಒಂದ್ ಗಾಜೂ ಒಡದಿಲ್ಲ, ಅಲ್ಲಾನ ಆಣೆ. ವಾರ ವಾರಾನೂ ಇಂಗೇ ಸುತ್ತು ಅಂದ್ರೂ ಸುತ್ತೀನಿ.”

ಆತ ಹೇಳಿದ್ದು ತನ್ನ ಕೆಲಸದ ಹೆಮ್ಮೆಯಿಂದ. ನನ್ನ ತಲೆಯಲ್ಲಿ ಅದು ಬೇರೆಯೇ ದಾರಿ ಹಿಡಿಯಿತು. ನಾನು ಟಿಪ್ಪಣಿ ಪುಸ್ತಕ ತೆರೆದೆ. ಮೂರು ಊರು, ಆ ಹಳ್ಳದ ರಸ್ತೆಗಳು, ಆದರೂ ಮುಳ್ಳು ಕೂದಲೆಳೆಯಷ್ಟೂ ಜರುಗಿರಲಿಲ್ಲ. ಈ ಪ್ರಯೋಗಾಲಯ ತಿರುಗಾಡಬಲ್ಲದು ಎನ್ನುವುದಕ್ಕೆ ನನ್ನ ಕೈಬರಹವೇ ಸಾಕ್ಷಿಯಾಗಿತ್ತು.

ನಾಗಮಂಗಲದಲ್ಲಿ ಬಿಳಿ ಬಟ್ಟೆ ಹಾಸಲು ಬಿಡಲಿಲ್ಲ. “ಇಳಿಸಿ, ಪಾಠ ಮಾಡಿ ತೋರಿಸಿ,” ಎಂದೆ. ನಾಗರತ್ನ ಕೆರೆಯ ನೀರು ತರಿಸಿ, ಅದರಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವುದು ಹೇಗೆಂದು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟರು. ಹತ್ತು ನಿಮಿಷದಲ್ಲಿ ನಾನಿದ್ದೇನೆಂಬುದನ್ನೇ ಮರೆತರು. ನನ್ನ ವಿಭಾಗದಲ್ಲಿಯೂ ಅಷ್ಟು ಚೆನ್ನಾಗಿ ಹೇಳಿಕೊಡುವವರು ಕಡಿಮೆ.

ಅಷ್ಟರಲ್ಲಿ ಕಾರಿನಲ್ಲಿ ಬಂದಿಳಿದ ಶಿವನಂಜಪ್ಪನವರಿಗೆ ನಡೆದದ್ದನ್ನು ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ಸೌಲಭ್ಯ ಸಮರ್ಪಕವಾಗಿದೆ ಅಂತ ಬರ್ದುಬುಡಿ ತಾಯಿ. ಎಲ್ಲಾರೂ ಬರಿಯೋದು ಅದನ್ನೇಯಾ.”

“ಬರೆಯುವುದಿಲ್ಲ. ಕಂಡದ್ದನ್ನು ಬರೆಯುತ್ತೇನೆ, ನಾಲ್ಕಕ್ಕೂ ಸೇರಿ ಒಂದೇ ಪ್ರಯೋಗಾಲಯಕ್ಕೆ ಮಂಜೂರಾತಿ ಕೇಳುತ್ತೇನೆ.”

“ಆ ಹೆಣ್ಮಗಳ ಕುತ್ತಿಗೆಗೆ ಬತ್ತದೆ. ಕೋರ್ಸೂ ಓಯ್ತದೆ. ಇದುಕ್ಕೆ ನಾನು ಸೈನ್ ಆಕಾಕಿಲ್ಲ,” ಎಂದು ಮುಖ ತಿರುಗಿಸಿದರು.

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ನನಗೂ ಭಯವಿತ್ತು. ಆದರೆ ಸಮರ್ಪಕ ಎಂದು ಬರೆದರೆ ಮುಂದೆ ಪ್ರತಿ ವರ್ಷವೂ ಆ ಟೆಂಪೊ ಹಿಂಬಾಗಿಲಲ್ಲೇ ನಿಲ್ಲಬೇಕಾಗುತ್ತಿತ್ತು. ಸಮಿತಿ ಹೋದ ಮರುದಿನ ಸಾಮಾನು ಚದುರುತ್ತಿತ್ತು, ಮಕ್ಕಳಿಗೆ ಕಪ್ಪು ಹಲಗೆಯ ಮೇಲಿನ ಚಿತ್ರವಷ್ಟೇ ಉಳಿಯುತ್ತಿತ್ತು. ವರದಿ ಬರೆದೆ, ಒಂದೇ ಸಹಿಯೊಂದಿಗೆ ಕಳಿಸಿದೆ.

ಕೌನ್ಸಿಲ್ ಸಭೆಯಲ್ಲಿ ಡೀನ್ ಆ ವರದಿಯನ್ನು ಎತ್ತಿ ಹಿಡಿದು ಗುಡುಗಿದರು: “ವಿಶ್ವವಿದ್ಯಾಲಯಕ್ಕೆ ಮೋಸ ಮಾಡಿದವರಿಗೆ ಕೋರ್ಸಿನ ಬಹುಮಾನವೇ? ಮೊದಲು ಆ ಅಧ್ಯಾಪಕಿಯ ಮೇಲೆ ಕ್ರಮ ಆಗಲಿ.” ಸುತ್ತಲೂ ತಲೆಗಳು ಆಡಿದವು.

ನಾನು ಎದ್ದು ನಿಂತೆ. ಅಲ್ಲಿಯವರೆಗೆ ಯಾರ ಮುಂದೆಯೂ ಒಪ್ಪಿಕೊಳ್ಳದ ಒಂದು ಮಾತಿತ್ತು. “ಹಿಂದಿನ ಸಮಿತಿಗಳಲ್ಲಿ ನಾನೂ ಸಮರ್ಪಕ ಎಂದು ಸಹಿ ಹಾಕಿದ್ದೇನೆ. ಎರವಲು ಸಾಮಾನು ಎಂಬ ಅನುಮಾನ ಬಂದಾಗಲೂ ಹಾಕಿದ್ದೇನೆ. ಆಗ ನನ್ನನ್ನು ಯಾರೂ ಕೇಳಲಿಲ್ಲ. ಈ ಹೆಣ್ಣುಮಗಳು ನಮ್ಮಿಂದಲೇ ಆ ಪಾಠ ಕಲಿತಳು. ಕ್ರಮ ನನ್ನಿಂದ ಶುರುವಾಗಲಿ.”

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಶಿವನಂಜಪ್ಪ ಎದ್ದಿದ್ದರು. ಸಭೆಯಲ್ಲಿ ಯಾವಾಗಲೂ ಪುಸ್ತಕದ ಕನ್ನಡ ಆಡುತ್ತಿದ್ದವರು ಅವತ್ತು ತಮ್ಮ ಊರಿನ ಮಾತಲ್ಲೇ ಹೇಳಿದರು: “ನಾನು ಕಮಿಟಿಗೆ ಅಂತ ಓದ್ ಕಡೆಲೆಲ್ಲ ಅವೇ ಮೈಕ್ರೋಸ್ಕೋಪು ನನ್ ನೋಡಿ ನಗೋವು ಸ್ವಾಮಿ. ನಾನೂ ನಗ್ತಾ ಉಂಡು ಬತ್ತಿದ್ದೆ. ಕೊಡಿ ಇಲ್ಲಿ ಆ ವರದಿಯ.” ಡೀನ್ ಕೈಯಿಂದಲೇ ವರದಿ ಇಸಿದುಕೊಂಡು, ಮೇಜಿಗೆ ಬಗ್ಗಿ ಸಹಿ ಹಾಕಿದರು. ನನ್ನ ಕಣ್ಣು ತುಂಬಿತು.

ಕೋರ್ಸು ಪ್ರಾಯೋಗಿಕವಾಗಿ ಮಂಜೂರಾಯಿತು. ಡೀನ್ ಷರತ್ತು ಹಾಕದೆ ಬಿಡಲಿಲ್ಲ. ಉಪಕರಣಗಳು ವಾರದಲ್ಲಿ ನಿಗದಿಯಾದ ದಿನ ನಿಗದಿಯಾದ ಊರಿನಲ್ಲಿರಬೇಕು, ಸಾಗಾಟದ ದಾಖಲೆ ಪುಸ್ತಕ ಇಡಬೇಕು, ಅಧ್ಯಕ್ಷೆ ಮುಂಚಿತವಾಗಿ ತಿಳಿಸದೆ ಹೋಗಿ ತಪಾಸಣೆ ಮಾಡಬೇಕು. ನಾಗರತ್ನ ಅವರಿಗೊಂದು ಎಚ್ಚರಿಕೆ ಪತ್ರ ಹೋಯಿತು. ಅದನ್ನು ಬರೆಯುವ ಕೆಲಸವೂ ನನಗೇ ಬಿತ್ತು. ಎರಡೇ ಸಾಲು ಬರೆದೆ.

ತರಗತಿಗಳು ಶುರುವಾದ ಮೇಲೆ ಒಂದು ಗುರುವಾರ ಹೇಳದೆ ಕೇಳದೆ ನಾಗಮಂಗಲದ ಬಸ್ಸು ಹತ್ತಿದೆ. ಖಾದರನ ಟೆಂಪೊ ಕಾಲೇಜಿನ ಮುಂಬಾಗಿಲಲ್ಲಿ ನಿಂತಿತ್ತು. ಒಳಗೆ ಹುಡುಗಿಯರು ತಮ್ಮ ತಮ್ಮ ಊರಿನ ನೀರನ್ನು ಬಾಟಲಿಗಳಲ್ಲಿ ತಂದು ಸಾಲಾಗಿ ಇಟ್ಟುಕೊಂಡು ಸರದಿಗೆ ಕಾದಿದ್ದರು. ನಾನು ಅಭ್ಯಾಸದಂತೆ ಬಫರ್ ತೆಗೆದು ಮೀಟರಿನ ಹತ್ತಿರ ಹೋದೆ.

ಸಂಸ್ಥೆಗಳಿಗೆ ಒಪ್ಪಿಗೆ ಕೊಡುವ ಕೆಲಸದಲ್ಲಿ ಮುಂದೆಯೂ ಹಲವು ವರ್ಷ ಕಳೆದೆ. ಕೊರತೆಯಿಲ್ಲದ ಕಾಲೇಜನ್ನು ನಾನು ಕಾಣಲೇ ಇಲ್ಲ. ಎಷ್ಟು ಕೊರತೆ ಇದೆ ಎಂದು ಹೇಳಿಕೊಳ್ಳಲು ಅವರಿಗೆ ಧೈರ್ಯ ಬರುವಂತೆ ಕೇಳುವುದೇ ತಪಾಸಣೆ ಮಾಡುವವರ ಮೊದಲ ಕೆಲಸ ಎಂದು ನಾನು ಕಲಿತದ್ದು ಆ ಟೆಂಪೊದಲ್ಲಿ. ಆ ಗುರುವಾರ ಬಫರ್ ಬಾಟಲಿಯ ಮುಚ್ಚಳ ತೆರೆಯುವ ಅಗತ್ಯ ಬೀಳಲಿಲ್ಲ. ಮೀಟರಿನ ಹಣೆಯ ಮೇಲೆ, ಎಲ್ಲರಿಗೂ ಕಾಣುವಂತೆ, ದುಂಡಗಿನ ಅಕ್ಷರದ ಚೀಟಿ ಮತ್ತೆ ಅಂಟಿತ್ತು: “ಪಾಯಿಂಟ್ ಮೂರು ಕಳೆದು ಓದಿ.”