ಕೈಗೆ ಕೊಟ್ಟ ಕುಡುಗೋಲು

ನಮ್ಮ ತೋಟದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದವನು ನಿಂತಲ್ಲೇ ವಾಲಿ ಬಿದ್ದ. ಕೈಕಾಲು ಸೆಟೆದು ಅದುರತೊಡಗಿದವು, ಬಾಯಲ್ಲಿ ನೊರೆ ಬಂತು. ಅವನಿಗೆ ಹಿಂದೆಂದೂ ಹಾಗಾಗಿರಲಿಲ್ಲ. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುವುದು ನಮ್ಮ ಕಡೆಯ ರೂಢಿ. ಬೀಗದ ಕೈ ಯಾರ ಬಳಿಯೂ ಇರಲಿಲ್ಲ. ಸುಲಿಯುವವರ ಮೇಸ್ತ್ರಿ ಅಲ್ಲೇ ಬಿದ್ದಿದ್ದ ಕುಡುಗೋಲನ್ನು ಅವನ ಅಂಗೈಗೆ ತುರುಕಿದ. ಬಿಗಿದ ಮುಷ್ಟಿ ಹಿಡಿಯಿಂದ ಅಲಗಿಗೆ ಜಾರಿತು. ರಕ್ತ ಸುರಿಯುವ ಆ ಕೈಯನ್ನು ಮೇಸ್ತ್ರಿ ತನ್ನ ಟವೆಲಿನಲ್ಲಿ ಸುತ್ತಿ, ತುರುವೇಕೆರೆ ಮುಟ್ಟುವವರೆಗೂ ಆಟೋದಲ್ಲಿ ಎದೆಗೆ ಒತ್ತಿ ಹಿಡಿದಿದ್ದ. ನಾನು ಮುಂದೆ ಕೂತಿದ್ದೆ.

ಆಸ್ಪತ್ರೆಯಲ್ಲಿ ವೈದ್ಯೆ ಇಂಜೆಕ್ಷನ್ ಕೊಟ್ಟರು, ಕೈಗೆ ಹೊಲಿಗೆ ಹಾಕಿಸಿದರು, ಸಕ್ಕರೆ ನೋಡಿದರು. ಕುಡಿಯುತ್ತಾನಾ, ತಲೆಗೆ ಪೆಟ್ಟಾಗಿತ್ತಾ ಎಂದು ಕೇಳಿದರು. ಮೇಸ್ತ್ರಿ ಎಲ್ಲಕ್ಕೂ ಇಲ್ಲವೆಂದ, ಬಿಸಿಲು ಹೆಚ್ಚಾಗಿರಬೇಕು ಎಂದ. ಸಂಜೆ ಮನೆಗೆ ಕಳಿಸುವ ಮಾತು ಬಂತು.

ಅಷ್ಟರಲ್ಲಿ ಅವನ ಹೆಂಡತಿ ಬಂದಳು. ಬೇರೆ ಯಾವುದಾದರೂ ಮಾತ್ರೆ ತಗೊಳ್ತಾರಾ ಎಂದು ವೈದ್ಯೆ ಅವಳನ್ನೂ ಕೇಳಿದರು. ಅವಳು ಮೇಸ್ತ್ರಿಯ ಮುಖ ನೋಡಿದಳು. ಅವನು ಕರೆದರೆ ಕೂಲಿ, ಕರೆಯದಿದ್ದರೆ ಇಲ್ಲ. ನಮ್ಮನ್ನು ಹೊರಗೆ ಕಳಿಸುವಂತೆ ಬೇಡಿದಳು. ಹೊರಗೆಂದರೆ ಒಂದು ಬಟ್ಟೆಯ ಪರದೆಯ ಆಚೆ.

"ಎಚ್ಐವಿ ಐತೆ ಮೇಡಂ. ಮಾತ್ರೆ ಬುಟ್ಟು ತಿಂಗಳುಗಟ್ಲೆ ಆಯ್ತು. ಬಸ್‌ಸ್ಟ್ಯಾಂಡಲ್ಲಿ ಯಾರಾನಾ ನೋಡ್ತಾರೆ ಅಂತ ತರಕ್ಕೇ ಹೋಗ್ತಿರ್ಲಿಲ್ಲ."

ವೈದ್ಯೆಯ ದನಿ ಬದಲಾಯಿತು. ತಲೆನೋವು ಎಷ್ಟು ದಿನದಿಂದ, ಜ್ವರ ಇತ್ತಾ, ಮಾತು ತಡವರಿಸಿತ್ತಾ ಎಂದು ಬಿಡದೆ ಕೇಳಿದರು. ಈ ಕಾಯಿಲೆ ಇದ್ದವರಿಗೆ ಮೊದಲ ಸಲ ಫಿಟ್ಸ್ ಬಂದರೆ ಮಿದುಳಿಗೆ ಸೋಂಕು ತಗುಲಿರಬಹುದು. ತಲೆಯ ಸ್ಕ್ಯಾನ್ ಆಗಲೇಬೇಕು, ಬೆನ್ನಿನಿಂದ ನೀರು ತೆಗೆದು ನೋಡಬೇಕಾಗಬಹುದು. ಮನೆಗೆ ಕಳಿಸಿದ್ದರೆ ಉಳಿಯುತ್ತಿದ್ದನೋ ಇಲ್ಲವೋ ಎಂದರು. ತುಮಕೂರಿಗೆ ಆಂಬುಲೆನ್ಸ್ ಕರೆಸಿದರು.

ಪರದೆಯ ಈಚೆ ಮೇಸ್ತ್ರಿ ತನ್ನ ಅಂಗೈಗಳನ್ನೇ ನೋಡುತ್ತಿದ್ದ. ಗಾಯವಿಲ್ಲದ ಚರ್ಮಕ್ಕೆ ರಕ್ತ ತಾಗಿದರೆ ಏನೂ ಆಗುವುದಿಲ್ಲವೆಂದು ವೈದ್ಯೆ ಅವನ ಕೈ ತಿರುಗಿಸಿ ನೋಡಿ ಹೇಳಿದರು. ತಲೆಯಾಡಿಸಿದ. ಹೊರಗೆ ನಲ್ಲಿಯಲ್ಲಿ ಮತ್ತೆ ಮತ್ತೆ ಕೈ ತೊಳೆದ. ಆಂಬುಲೆನ್ಸ್ ಹೊರಡುವಾಗ ಅವನು ಅಲ್ಲಿರಲಿಲ್ಲ.

ಸ್ಕ್ಯಾನಿನಲ್ಲಿ ಮಿದುಳಿನ ಬಾವು ಕಂಡಿತು. ಔಷಧಿ ಹಿಡಿಯಿತು. ಅವನು ನಡೆದುಕೊಂಡೇ ಊರಿಗೆ ಬಂದ.

ಮುಂದಿನ ಕೊಯ್ಲಿಗೆ ಮೇಸ್ತ್ರಿ ಅವನನ್ನು ಬಿಟ್ಟು ತಂಡ ತಂದ. ಅವನು ನೆಲಕ್ಕೆ ನೆಟ್ಟಿದ್ದ, ಕಾಯಿ ಸುಲಿಯುವ ಕಬ್ಬಿಣದ ಮೊನೆ ಇನ್ನೂ ನಮ್ಮ ತೋಟದಲ್ಲೇ ಇತ್ತು. ಅದನ್ನು ಯಾರೂ ಮುಟ್ಟಲಿಲ್ಲ. ದೂರದಲ್ಲಿ ಬೇರೆಯದನ್ನು ನೆಟ್ಟುಕೊಂಡರು. ಅವನನ್ನೇಕೆ ಕರೆಯಲಿಲ್ಲ ಎಂದು ಕೇಳಿದೆ.

"ಸುಧಾರಿಸ್ಕೊಳ್ಲಿ ಬುಡಿ," ಎಂದ ಮೇಸ್ತ್ರಿ. ಸ್ವಲ್ಪ ಹೊತ್ತಿನ ಮೇಲೆ, "ಆ ಕುಡುಗೋಲು ಏನ್ ಮಾಡಿದ್ರಿ?" ಎಂದ.

ಅದರಲ್ಲೇ ದಿನವೂ ಹುಲ್ಲು ಕುಯ್ಯುತ್ತಿದ್ದೇವೆ ಎಂದೆ. ಅಂದಿನಿಂದ ಅವನು ನಮ್ಮ ಮನೆಯಲ್ಲಿ ನೀರು ಕುಡಿದಿಲ್ಲ.

ಮೊನೆ ಕಿತ್ತುಕೊಂಡು ಹೋಗಲು ಕಾಯಿ ಸುಲಿಯುತ್ತಿದ್ದವನ ಹೆಂಡತಿಯೇ ಬಂದಳು. ಕಿತ್ತು, ಮಣ್ಣು ಒರೆಸಿ, ಹೆಗಲಿಗಿಟ್ಟುಕೊಂಡಳು.

"ನಾನು ಬಾಯಿ ಬಿಡ್ದೇ ಇದ್ದಿದ್ರೆ ಕೆಲ್ಸ ಇರೋದು," ಎಂದಳು. "ಅವ್ರು ಇರ್ತಿರ್ಲಿಲ್ಲ."