ಅರ್ಧ ಕಡಿದ ದಿಬ್ಬ

ಅಕ್ಕೂರಿನ ಕಡೆ ನಮ್ಮ ಹೊಲದ ನಡುವೆ ಒಂದು ಮಣ್ಣಿನ ದಿಬ್ಬವಿದೆ. ಈಗ ಅದರಲ್ಲಿ ಅರ್ಧವೇ ಉಳಿದಿದೆ. ಆ ಅರ್ಧ ಉಳಿದದ್ದು ನಮ್ಮವ್ವನಿಂದ. ಇದನ್ನು ಹೇಳುವಾಗ ನನಗೆ ಒಂದಿಷ್ಟು ಜಂಬ ಬರುತ್ತದೆ, ಬಂದರೆ ಬರಲಿ.

ಹಿಪ್ಪುನೇರಳೆ ತೋಟ ದಿಬ್ಬದ ಆಚೆ, ರೇಷ್ಮೆಹುಳು ಸಾಕುವ ಮನೆ ಈಚೆ. ಸೊಪ್ಪಿನ ಹೊರೆ ಹೊತ್ತು ದಿನವೂ ದಿಬ್ಬ ಹತ್ತಿ ಇಳಿಯುತ್ತಿದ್ದವಳು ಅವ್ವ. "ಇದ್ನ ಒಸಿ ಮಟ್ಟ ಮಾಡ್ಸಿ" ಎಂದು ಅಪ್ಪನ ತಲೆ ತಿನ್ನುತ್ತಿದ್ದಳು. ಎರಡು ಸಾವಿರದ ಇಸವಿಯ ಈಚೆಗೆ ನಮ್ಮ ಕಡೆ ಕಾರ್ಖಾನೆಗಳು ಏಳತೊಡಗಿದಾಗ ಆ ಯೋಗ ಕೂಡಿಬಂತು. ಪಕ್ಕದ ಹೊಲದಲ್ಲೇ ಒಂದು ಕಾರ್ಖಾನೆ ಬರುತ್ತಿತ್ತು, ತಗ್ಗು ತುಂಬಿಸಲು ಕಂಟ್ರಾಕ್ಟರನಿಗೆ ಮಣ್ಣು ಬೇಕಿತ್ತು. ಜೆಸಿಬಿ ಬಂದು ದಿಬ್ಬವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿಯಿತು. ಮಣ್ಣಿನ ಆಸೆಗೆ ಬುಡದಲ್ಲೊಂದು ದೊಡ್ಡ ಗುಂಡಿಯನ್ನೂ ತೋಡಿ, ಅವ್ವ ಹತ್ತಿ ಇಳಿಯುವ ಅರ್ಧವನ್ನು ಮುಟ್ಟದೆ, ಕೆಲಸ ಅಲ್ಲಿಗೇ ಬಿಟ್ಟು ಬೇರೆಲ್ಲಿಗೋ ಹೋಯಿತು.

ಅದು ತಿರುಗಿ ಬಂದದ್ದು ಯುಗಾದಿ ಕಳೆದ ಮೇಲೆ. ಅಷ್ಟರಲ್ಲಿ ಆ ಮಣ್ಣಿನ ಗೋಡೆಯಲ್ಲಿ ಕಳ್ಳಿಪೀರಗಳು ಬಿಲ ಕೊರೆದು ಮರಿ ಮಾಡಿದ್ದವು. ಹಸಿರು ಮೈ, ಕಡ್ಡಿಯಂಥ ಬಾಲದ ಹಕ್ಕಿಗಳು. ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಸರ್ರನೆ ಬಿಲಕ್ಕೆ ನುಗ್ಗುತ್ತಿದ್ದವು. ಅವ್ವ ಹೊರೆ ಇಳಿಸಿ ಗಾಡಿಗೆ ಅಡ್ಡ ನಿಂತಳು.

"ಅಮ್ಮೋರೆ, ಹಕ್ಕಿಗೋಸ್ಕರ ಗಾಡಿ ನಿಲ್ಸಕ್ಕಾಯ್ತದಾ?" ಡ್ರೈವರ್ ನಕ್ಕ.

"ನಮ್ಮ ಹುಳ ಜ್ವರಕ್ಕೆ ಕೂತಾಗ ತಟ್ಟೆ ಮುಟ್ಟಾಕೂ ಬುಡಾಕಿಲ್ಲ ನಾವು. ಇವೂ ಹಂಗೇಯ. ಮರಿ ಹಾರೋಗ್ಲಿ, ಆಮೇಕೆ ಬನ್ನಿ" ಅಂದಳು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಮನೆಯಲ್ಲಿ ಯಾರೂ ಹುಳು ಸಾಕುವ ತಟ್ಟೆ ಅಲುಗಿಸುವುದಿಲ್ಲ.

ಅಪ್ಪನಿಗೆ ರೇಗಿತು. "ಅಲ್ಲ ಕಣಮ್ಮಿ, ಮಟ್ಟ ಮಾಡ್ಸಿ ಮಟ್ಟ ಮಾಡ್ಸಿ ಅಂತ ಪ್ರಾಣ ತಿಂದೋಳು ನೀನೇ ತಾನೆ?"

"ಊಂ, ನಾನೇಯ. ಹೊರೆ ಹೊರೋಳೂ ನಾನೇ ಅಲ್ವಾ? ಹೊತ್ಕತೀನಿ ಬುಡಿ."

ಗಾಡಿ ಹೋಯಿತು. ಕಂಟ್ರಾಕ್ಟರ್ ಬೇರೆ ಕಡೆಯಿಂದ ಮಣ್ಣು ತರಿಸಿಕೊಂಡ, ನಮ್ಮ ಕಡೆ ಮತ್ತೆ ತಲೆ ಹಾಕಲಿಲ್ಲ. ಅಪ್ಪ ಆ ಬೇಸಿಗೆಯೆಲ್ಲ ಮುಖ ಗಂಟು ಹಾಕಿಕೊಂಡೇ ಇದ್ದ.

ಮಳೆ ಬಿದ್ದು ಗುಂಡಿ ತುಂಬಿತು. ಸುತ್ತಲಿನ ಬಯಲು ಕಾಂಕ್ರೀಟಾಗುತ್ತ ಹೋದಂತೆ ಹಕ್ಕಿಗಳೆಲ್ಲ ನಮ್ಮಲ್ಲಿಗೇ ಬರತೊಡಗಿದವು. ನೀರಲ್ಲಿ ಗುಳುಮುಳುಕ, ಗೋಡೆಯಲ್ಲಿ ಕಳ್ಳಿಪೀರದ ಪಕ್ಕವೇ ಮಿಂಚುಳ್ಳಿ, ಕೆಸರಲ್ಲಿ ಕೊಕ್ಕರೆ. ಕಲ್ಲುಗಳ ನಡುವೆ ಮೊಟ್ಟೆಯಿಟ್ಟು, ಹೊಲದ ಒಡೆಯರಾದ ನಮ್ಮ ಮೇಲೇ ಕೂಗಾಡುವ ಟಿಟ್ಟಿಭ. ಹುಳುವಿಗೆ ಆಗದೆಂದು ನಾವು ತೋಟಕ್ಕೆ ಔಷಧಿ ಹೊಡೆಯುವುದಿಲ್ಲವಲ್ಲ, ಅವುಗಳ ಹೊಟ್ಟೆಗೂ ಕೊರತೆ ಇರಲಿಲ್ಲ. ಅಷ್ಟು ಬಗೆಯ ಹಕ್ಕಿ ಇರುವ ಹೊಲ ಆ ಸುತ್ತಿನಲ್ಲಿ ಇನ್ನೊಂದಿರಲಿಲ್ಲ. ಇದ್ದರೆ ಯಾರಾದರೂ ತೋರಿಸಲಿ.

ಅವ್ವನ ಮಂಡಿ ಸೋತ ವರ್ಷ ಅಪ್ಪ ಮತ್ತೆ ಗಾಡಿ ಕರೆಸುತ್ತಾನೆಂದು ನಾನು ಹೆದರಿದ್ದೆ. ಅಪ್ಪ ಟವೆಲನ್ನು ಸಿಂಬಿ ಸುತ್ತಿ, ಸೊಪ್ಪಿನ ಹೊರೆಯನ್ನು ತಾನೇ ತಲೆಗೇರಿಸಿಕೊಂಡು ದಿಬ್ಬ ಹತ್ತಿದ. ಊಟದ ಬಿಡುವಿನಲ್ಲಿ ಕಾರ್ಖಾನೆಯ ಕೆಲಸಗಾರರು ಕಾಂಪೌಂಡಿನ ಮೇಲಿಂದ ಹಕ್ಕಿ ನೋಡುತ್ತಿದ್ದರು. ಒಬ್ಬ ಕೂಗಿ ಕೇಳಿದ, "ಯಜಮಾನ್ರೇ, ಹಕ್ಕಿಗೆ ಅಂತ ಇದನ್ನ ಯಾರು ಮಾಡ್ಸಿದ್ದು?"

ಅಪ್ಪ ಏದುಸಿರು ಬಿಡುತ್ತ ದಿಬ್ಬದ ಮೇಲೆ ನಿಂತ. ಹೊರೆ ಇಳಿಸಲಿಲ್ಲ. "ನಮ್ಮನೆಯೋಳು ಕಣ್ರಪ್ಪಾ!" ಅಂದ, ಕೆಳಗೆ ಕೂತಿದ್ದ ಅವ್ವನಿಗೂ ಕೇಳಿಸುವಷ್ಟು ಜೋರಾಗಿ.